ಹಳೆಯ ಪಿಕಪ್ ಗಾಡಿಯ ಚಾಸಿಯನ್ನೂ ಪ್ಲೇಟುಗಳನ್ನೂ ಮನೆಯಲ್ಲೇ ಸರಿಪಡಿಸುವ ಬಗೆ



ಹಿಂದೆ ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಎತ್ತಿನ ಗಾಡಿಯನ್ನು ಬಡಗಿಯ ಮನೆಗೆ ಹೊಡೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿಯಾಗಿತ್ತು. ಮೂಕಿ ಬಿರಿದಿದೆಯೇ, ಅಚ್ಚು ಸವೆದಿದೆಯೇ, ಚಕ್ರದ ಹಳಿ ಸಡಿಲವಾಗಿದೆಯೇ ಎಂದು ನೋಡಿಸಿ, ಕೀಲೆಣ್ಣೆ ಹಾಕಿಸಿ, ಮಳೆಗಾಲಕ್ಕೆ ಮೊದಲು ಮನೆಗೆ ತರುತ್ತಿದ್ದರು. ಈಗ ಅನೇಕರ ಮನೆಯಲ್ಲಿ ಆ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಪಿಕಪ್ ನಿಂತಿದೆ. ಶಿಕಾರಿಪುರದ ಕಡೆಯ ಮೆಕ್ಕೆಜೋಳ, ಸೊರಬದ ಕಡೆಯ ಶುಂಠಿ, ಅಡಿಕೆ, ಅನಾನಸು, ಎರಡೂ ಕಡೆಯ ಭತ್ತ, ಎಲ್ಲವೂ ಅದರ ಬೆನ್ನ ಮೇಲೆಯೇ ಹೋಗತಕ್ಕದ್ದು. ಎಂಜಿನ್ನಿನ ಎಣ್ಣೆಯನ್ನು ನಾವು ತಪ್ಪದೆ ಬದಲಿಸುತ್ತೇವೆ. ಆದರೆ ಗಾಡಿಯ ಅಡಿಗೆ ತಲೆಹಾಕಿ ಚಾಸಿ ಹೇಗಿದೆ ಎಂದು ನೋಡುವವರು ಎಷ್ಟು ಮಂದಿ? ಇವತ್ತು ಅದರ ಮಾತನ್ನೇ ಆಡೋಣ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಕೃಷಿ ಡಿಪ್ಲೊಮಾ ಓದಿದವನು, ಮೆಕ್ಯಾನಿಕ್ ಅಲ್ಲ. ಸೊರಬ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಹತ್ತಿರ ಹದಿನಾಲ್ಕು ವರ್ಷದ ಹಳೆಯ ಪಿಕಪ್ ಇತ್ತು. 2022ರಲ್ಲಿ ಶುಂಠಿ ಕೀಳುವ ಕಾಲ. ಗಾಡಿಯ ಹಿಂಭಾಗ ಕುಗ್ಗಿತ್ತು, ಕ್ಯಾಬಿನ್ನಿನ ಹಿಂದೆ ಚಾಸಿಯಲ್ಲಿ ತುಕ್ಕು ತಿಂದು ಬೆರಳು ತೂರುವಷ್ಟು ತೂತಾಗಿತ್ತು. ಮಾವ ನನ್ನನ್ನು ಕೇಳಿದರು. ನಾನು ತಿಳಿದವನ ಹಾಗೆ, "ಅದಕ್ಕೇನು ಮಾವ, ಎರಡೂ ಕಡೆ ಎರಡೆರಡು ಪ್ಲೇಟು ಜಾಸ್ತಿ ಹಾಕಿಸಿ, ತೂತಿನ ಮೇಲೆ ಒಂದು ತಗಡು ವೆಲ್ಡ್ ಮಾಡಿಸಿ" ಎಂದೆ. ಹಾಗೆಯೇ ಮಾಡಿಸಿದರು.

ಆ ಗಾಡಿಗೆ ಆರ್.ಸಿ. ಪುಸ್ತಕದ ಪ್ರಕಾರ ಹೇರಬಹುದಾದ ತೂಕ ಸುಮಾರು 1,200 ಕೆ.ಜಿ. ಎಂದರೆ 60 ಕೆ.ಜಿ.ಯ ಶುಂಠಿ ಚೀಲ 20 ಮಾತ್ರ. ನಾವು ಹೇರಿದ್ದು 34 ಚೀಲ. ಅಲ್ಲಿಗೇ 2,040 ಕೆ.ಜಿ. ಆಯಿತು. ಮೇಲೆ ಆರು ಜನ ಕೆಲಸದವರು ಕೂತರು. ಕೆರೆ ಏರಿಯ ರಸ್ತೆಯಲ್ಲಿ ಒಂದು ಗುಂಡಿಗೆ ಚಕ್ರ ಇಳಿದು ಏಳುವಾಗ, ಬಲಗಡೆಯ ಚಾಸಿ ತೊಲೆ ನಾವು ತಗಡು ಹಚ್ಚಿದ ಜಾಗದ ಪಕ್ಕದಲ್ಲೇ ಮುರಿಯಿತು. ಚೀಲಗಳೂ ಜನರೂ ಒಟ್ಟಿಗೇ ಏರಿಯ ಕೆಳಕ್ಕೆ ಜಾರಿದರು. ಜೀವ ಹೋಗಲಿಲ್ಲ, ಅದು ದೇವರ ದಯೆ. ಆದರೆ ಒಬ್ಬ ಹೆಣ್ಣುಮಗಳ ಕಾಲಿನ ಮೂಳೆ ಮುರಿಯಿತು. ಆಸ್ಪತ್ರೆಯ ಖರ್ಚನ್ನು ಮಾವ ಕೊಟ್ಟರು. ಕಾಲನ್ನು ಮೊದಲಿನಂತೆ ಮಾಡಿಕೊಡಲು ಯಾರಿಂದಲೂ ಆಗಲಿಲ್ಲ. ಊರಿಗೇ ಹೆಸರಾದ ನಾಟಿಯ ಆಳು ಆಕೆ. ಇವತ್ತಿಗೂ ಗದ್ದೆಯಲ್ಲಿ ಬಗ್ಗಿ ನಿಲ್ಲಲಾರರು. ಮಾವ ನನಗೆ ಒಂದೇ ಮಾತು ಹೇಳಿದರು: "ಅಳಿಯಾ, ಬೆಳೆ ವಿಷಯ ನಿನ್ನ ಕೇಳ್ತೀನಿ ಕಣೋ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋದನ್ನೂ ಕಲಿ."

ಅಂದಿನಿಂದ ಬಲ್ಲವರನ್ನು ಕೇಳಿ ಕಲಿತೆ. ಮಾರನೆಯ ವರ್ಷ, 2023ರ ಬೇಸಿಗೆಯಲ್ಲಿ, ಅದೇ ಗಾಡಿಯನ್ನು ಮಾವನ ಅಂಗಳದಲ್ಲೇ ಬಿಚ್ಚಿ ಸರಿಪಡಿಸಿದೆವು. ಅದರಿಂದ ತಿಳಿದದ್ದನ್ನು ನಿಮಗೆ ಹೇಳುತ್ತೇನೆ.

ಪಿಕಪ್ಪಿನ ಚಾಸಿ ಎಂದರೆ ಮಲಗಿಸಿದ ಏಣಿ ಎಂದು ತಿಳಿಯಿರಿ. ಎರಡು ಉದ್ದ ತೊಲೆಗಳು, ನಡುನಡುವೆ ಅಡ್ಡ ಪಟ್ಟಿಗಳು. ಹಿಂದಿನ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪ್ಲೇಟುಗಳ ಕಟ್ಟು. ಅದರ ಮುಂದಿನ ತುದಿ ಚಾಸಿಗೆ ಭದ್ರವಾಗಿ ಕೂತಿರುತ್ತದೆ. ಹಿಂದಿನ ತುದಿ ಶಾಕಲ್ ಎಂಬ ತೂಗುವ ಕೊಂಡಿಯಲ್ಲಿರುತ್ತದೆ. ಭಾರ ಬಿದ್ದಾಗ ಬಿಲ್ಲು ಚಪ್ಪಟೆಯಾಗಿ ಉದ್ದವಾಗುತ್ತದಲ್ಲವೇ? ಆ ಉದ್ದಕ್ಕೆ ಎಡೆ ಕೊಡುವುದೇ ಈ ಕೊಂಡಿಯ ಕೆಲಸ. ಗುಂಡಿಯ ಹೊಡೆತವನ್ನು ಪ್ಲೇಟುಗಳು ಬಾಗಿ ನುಂಗುತ್ತವೆ. ನಾವು ಪ್ಲೇಟು ಹೆಚ್ಚಿಸಿ ಅವು ಬಾಗದಂತೆ ಮಾಡಿದರೆ ಆ ಹೊಡೆತ ನೇರವಾಗಿ ಚಾಸಿಗೆ ಬೀಳುತ್ತದೆ. ನನ್ನ ಬುದ್ಧಿವಾದದಿಂದ ಆದದ್ದು ಅದೇ.

ಇನ್ನು ತುಕ್ಕು ಎಲ್ಲಿಂದ ಬರುತ್ತದೆ? ಮಳೆ, ಕೆಸರು ಇದ್ದದ್ದೇ. ಅದಕ್ಕಿಂತ ಕೆಟ್ಟದ್ದು ನಾವು ಹೇರುವ ಸರಕು. ಪೊಟ್ಯಾಷ್ ಗೊಬ್ಬರ ಒಂದು ಬಗೆಯ ಉಪ್ಪು; ಚೀಲ ಹರಿದು ಸೋರಿದ್ದು ತೊಟ್ಟಿಯ ಸಂದಿಯಿಂದ ಚಾಸಿಯೊಳಗೆ ಇಳಿದು ಕೂರುತ್ತದೆ. ಸೆಗಣಿ ಗೊಬ್ಬರವೂ ತೇವ ಹಿಡಿದಿಟ್ಟು ಕಬ್ಬಿಣ ತಿನ್ನುತ್ತದೆ. ಮೈಲುತುತ್ತದ ವಿಷಯ ಅಡಿಕೆ ಬೆಳೆಗಾರರಿಗೆ ಗೊತ್ತೇ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬೋರ್ಡೊ ಸಿಂಪರಣೆಯನ್ನು ಬಳಕೆಗೆ ತಂದಂದಿನಿಂದ ಇದು ನಮ್ಮ ಮನೆಯ ಔಷಧಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹದ ನೋಡಲು ಚಾಕು ಅದ್ದುತ್ತೇವೆ. ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಏನು? ತಾಮ್ರ ಬಂದು ಕೂತು, ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಚಾಕುವಿಗೆ ಆದದ್ದೇ, ತುಳುಕಿದ ತುತ್ತದ ನೀರಿನಿಂದ ಚಾಸಿಗೂ ಆಗುತ್ತದೆ.

ಈಗ ಕೆಲಸಕ್ಕೆ ಬರೋಣ. ಭರಣಿ ಮಳೆಗೆ ಮೊದಲು ಬಿಚ್ಚಿ, ರೋಹಿಣಿ ಮಳೆಗೆ ಮೊದಲು ಕಟ್ಟಿ ಮುಗಿಸುವಂತೆ ಹೊರಡಬೇಕು.

ಮೊದಲನೆಯದು, ಗಾಡಿ ಈ ಖರ್ಚಿಗೆ ತಕ್ಕದ್ದೇ ಎಂದು ನೋಡುವುದು. ಮಡಕೆ ಕೊಳ್ಳುವಾಗ ತಟ್ಟಿ ನೋಡುವಂತೆ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಡಬ್ ಎಂದು ಪಕಳೆ ಉದುರಿಸುತ್ತದೆ. ಕ್ಯಾಬಿನ್ನಿನ ಹಿಂದೆ, ಹಿಂದಿನ ಅಚ್ಚಿನ ಮೇಲೆ, ಪ್ಲೇಟುಗಳ ತುದಿ ಕೂರುವ ಬ್ರಾಕೆಟ್ಟುಗಳ ಬುಡದಲ್ಲಿ, ಈ ಮೂರು ಕಡೆ ಚೆನ್ನಾಗಿ ನೋಡಿ. ಒಂದೆರಡು ಕಡೆ ಮಾತ್ರ ಕೆಟ್ಟಿದ್ದರೆ ಸರಿಪಡಿಸಬಹುದು. ಎರಡೂ ತೊಲೆ ಉದ್ದಕ್ಕೆ ಟೊಳ್ಳಾಗಿದ್ದರೆ ಆ ಗಾಡಿಯ ಆಸೆ ಬಿಡುವುದೇ ಒಳ್ಳೆಯದು. ಬೇರು ಕೊಳೆತ ಮರಕ್ಕೆ ಎಲೆಗೆ ನೀರು ಹೊಯ್ದು ಫಲವಿಲ್ಲ.

ಎರಡನೆಯದು ಕಾನೂನು. ಚಾಸಿಯ ಮೇಲೆ ಕೊರೆದ ನಂಬರನ್ನು ಉಜ್ಜಬಾರದು, ಅದರ ಮೇಲೆ ವೆಲ್ಡ್ ಮಾಡಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಗಾಡಿಯ ಮೂಲ ರಚನೆಯನ್ನು ನಮ್ಮಿಷ್ಟದಂತೆ ಬದಲಿಸಲು ಬರುವುದಿಲ್ಲ. ಉದ್ದ ಹೆಚ್ಚಿಸುವುದು, ಚಾಸಿಯನ್ನೇ ಬದಲಿಸುವುದು ಮುಂತಾದ್ದಕ್ಕೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ. ಇದ್ದದ್ದನ್ನು ಇದ್ದಂತೆ ಗಟ್ಟಿ ಮಾಡುವುದಷ್ಟೇ ನಮ್ಮ ಕೆಲಸ.

ಮೂರನೆಯದು ಅಳತೆ. ಇದನ್ನು ಬಿಚ್ಚುವ ಮೊದಲೇ ಮಾಡಬೇಕು. ಸಮತಟ್ಟಾದ ಸಿಮೆಂಟ್ ಕಣದ ಮೇಲೆ ಗಾಡಿ ನಿಲ್ಲಿಸಿ. ಪ್ಲೇಟುಗಳ ಮುಂದಿನ ಮತ್ತು ಹಿಂದಿನ ಬ್ರಾಕೆಟ್ಟುಗಳಿಂದ, ಎರಡೂ ಕಡೆ, ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ. ಗಾಡಿ ಸರಿಸಿ, ಮನೆಯ ಪಾಯ ಗುರುತಿಸುವಾಗ ಮಾಡುವಂತೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಒಂದೇ ಬಂದರೆ ಚಾಸಿ ನೆಟ್ಟಗಿದೆ. ಕಾಲು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಸಿ ಓರೆಯಾಗಿದೆ. ಅದನ್ನು ಎಳೆದು ನೇರ ಮಾಡುವುದು ದೊಡ್ಡ ಗ್ಯಾರೇಜಿನ ಕೆಲಸ, ಅಂಗಳದ ಕೆಲಸವಲ್ಲ. ನಮ್ಮದು ಮುರಿದ ಕಡೆ ಅರ್ಧ ಅಂಗುಲ ಜಗ್ಗಿತ್ತು. ಆ ಒಂದು ಕೆಲಸಕ್ಕೆ ಮಾತ್ರ ಗಾಡಿಯನ್ನು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಶಿರಾಳಕೊಪ್ಪಕ್ಕೆ ಸಾಗಿಸಿದೆವು.

ನಾಲ್ಕನೆಯದು ಎತ್ತಿ ನಿಲ್ಲಿಸುವುದು. ಜಾಕಿ ಎತ್ತಲಿಕ್ಕೆ ಮಾತ್ರ, ನಿಲ್ಲಿಸಲಿಕ್ಕೆ ಅಲ್ಲ. ಜಾಕಿಯನ್ನೊಂದೇ ನಂಬಿ ಗಾಡಿಯ ಅಡಿಗೆ ಯಾರೂ ಹೋಗಬಾರದು. ಇಟ್ಟಿಗೆ, ಸೈಜುಗಲ್ಲು ಕೂಡ ಬೇಡ. ಅವು ಹೇಳದೆ ಕೇಳದೆ ಒಡೆಯುತ್ತವೆ. ಅಗಲವಾದ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಅದರ ಮೇಲೆ ಚಾಸಿ ಕೂರಿಸಿ. ಚಕ್ರಗಳಿಗೆ ಎರಡೂ ಬದಿ ಒತ್ತು ಕೊಡಿ. ಮಕ್ಕಳು ಆ ಕಡೆ ಸುಳಿಯದಂತೆ ಮನೆಯವರು ನೋಡಿಕೊಳ್ಳಬೇಕು.

ಐದನೆಯದು ವೆಲ್ಡಿಂಗು. ಬಿಚ್ಚುವುದು, ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು ಮನೆಯವರ ಕೆಲಸ. ವೆಲ್ಡಿಂಗು ಕೈ ಪಳಗಿದ ಮೇಸ್ತ್ರಿಯ ಕೆಲಸ. ಅವರನ್ನು ಕರೆಸುವ ಮೊದಲು ಬ್ಯಾಟರಿ ತೆಗೆಯಿರಿ, ಡೀಸೆಲ್ ಟ್ಯಾಂಕನ್ನು ಪೂರ್ತಿ ಕಳಚಿ ದೂರ ಇಡಿ. ಖಾಲಿ ಟ್ಯಾಂಕಿನೊಳಗಿನ ಆವಿಯೂ ಬೆಂಕಿಗೆ ಸಿಡಿಯುವುದುಂಟು. ಚಾಸಿಯ ಪಕ್ಕದಲ್ಲಿ ಹೋಗುವ ಬ್ರೇಕಿನ ಕೊಳವೆ, ವೈರುಗಳನ್ನೂ ಬಿಡಿಸಿ. ತುಕ್ಕಿನ ಮೇಲೆ ತಗಡು ಹಚ್ಚುವುದು ಬೇಡವೇ ಬೇಡ. ಹುಣ್ಣಿನ ಮೇಲೆ ಪಟ್ಟಿ ಕಟ್ಟಿದ ಹಾಗೆ, ಒಳಗೆ ಅದು ಬೆಳೆಯುತ್ತಲೇ ಇರುತ್ತದೆ. ಕೆಟ್ಟ ಭಾಗವನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ, ಅದೇ ಆಕಾರದ ತುಂಡನ್ನು ಕೂರಿಸಬೇಕು. ಬೆಸುಗೆ ನೆಟ್ಟಗೆ ಅಡ್ಡ ಬಾರದೆ ಓರೆಯಾಗಿ ಬರಲಿ. ಬಲಕ್ಕೆ ಹಾಕುವ ಪಟ್ಟಿಯ ತುದಿಗಳೂ ಓರೆಯಾಗಿರಲಿ. ತಟ್ಟನೆ ನಿಂತ ತುದಿಯ ಪಕ್ಕದಲ್ಲೇ ಮುಂದಿನ ಬಿರುಕು ಹುಟ್ಟುತ್ತದೆ. ಸಣ್ಣ ಬಿರುಕಾಗಿದ್ದರೆ ಅದರ ತುದಿಗೆ ಒಂದು ಚಿಕ್ಕ ತೂತು ಕೊರೆದ ಮೇಲೆಯೇ ಬೆಸೆಯಬೇಕು; ಆಗ ಅದು ಮುಂದಕ್ಕೆ ಹರಿಯುವುದಿಲ್ಲ. ತಣಿದ ಬಳಿಕ ಒಳಗೂ ಹೊರಗೂ ರೆಡ್ ಆಕ್ಸೈಡ್ ಎರಡು ಸಲ ಬಳಿದು, ಮೇಲೆ ಬಣ್ಣ ಕೊಡಿ. ನೀರು ಇಳಿಯಲೆಂದು ಚಾಸಿಯ ಅಡಿಯಲ್ಲಿ ಇರುವ ತೂತುಗಳನ್ನು ಕಡ್ಡಿಯಿಂದ ಬಿಡಿಸಲು ಮರೆಯಬೇಡಿ.

ಆರನೆಯದು ಪ್ಲೇಟುಗಳು. ಬಿಚ್ಚಿ, ಒಂದೊಂದನ್ನೂ ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗೆ ಹಿಡಿದು ಬಿರುಕು ನೋಡಿ. ಮುರಿದ ಪ್ಲೇಟನ್ನು ಬೆಸೆಯಬಾರದು. ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸಲೂಬಾರದು. ಕುಡುಗೋಲನ್ನು ಒಲೆಗೆ ಹಾಕಿ ಸುಮ್ಮನೆ ಆರಲು ಬಿಟ್ಟರೆ ಹದ ಹೋಗುವುದನ್ನು ನೀವು ಕಂಡಿದ್ದೀರಿ. ಪ್ಲೇಟಿಗೂ ಹಾಗೆಯೇ. ಕುಗ್ಗಿದ ಕಟ್ಟನ್ನು ಪ್ಲೇಟಿನ ಮೇಸ್ತ್ರಿಯಿಂದ ತಣ್ಣಗಿರುವಾಗಲೇ ಬಡಿಸಿ ಬಿಲ್ಲು ತರಿಸಬೇಕು, ಇಲ್ಲವೇ ಹೊಸತು ಹಾಕಬೇಕು. ಎಡಕ್ಕೂ ಬಲಕ್ಕೂ ಲೆಕ್ಕ ಒಂದೇ ಇರಲಿ, ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಬೇಡ. ನಡುವಿನ ಸೆಂಟರ್ ಬೋಲ್ಟು, ಯು-ಬೋಲ್ಟು, ಬುಷ್ಷುಗಳು ಹೊಸವೇ ಆಗಬೇಕು. ಒಮ್ಮೆ ಬಿಗಿದು ಎಳೆದ ಯು-ಬೋಲ್ಟನ್ನು ಮತ್ತೆ ಹಾಕಿ ಉಳಿಸುವ ಹಣ ಏನೇನೂ ಅಲ್ಲ. ಇನ್ನೊಂದು ಸೂಕ್ಷ್ಮ: ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಗಾಡಿ ಮೇಲೆತ್ತಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ನೆಲಕ್ಕೆ ಇಳಿದು, ಭಾರ ಪ್ಲೇಟಿನ ಮೇಲೆ ಕೂತ ಬಳಿಕ ಬಿಗಿಯಿರಿ. ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.

ಕಟ್ಟಿದ ಮೇಲೆ ಬ್ರೇಕನ್ನು ಮೆಕ್ಯಾನಿಕ್ಕಿಗೆ ತೋರಿಸಿ ಗಾಳಿ ತೆಗೆಸಿ. ಮೊದಲು ಖಾಲಿ ಗಾಡಿಯನ್ನು, ಆಮೇಲೆ ಅರ್ಧ ಹೇರಿನಲ್ಲಿ ಓಡಿಸಿ. ನೂರು ಕಿಲೋಮೀಟರ್ ಆದ ಮೇಲೆ ಯು-ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಗಾಡಿಗೆ ಎಂಟು ವರ್ಷ ದಾಟಿದ್ದರೆ ಫಿಟ್ನೆಸ್ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕೆಂಬುದೂ ನೆನಪಿರಲಿ.

ನಮಗೆ ಇಪ್ಪತ್ತೆರಡು ದಿನ ಹಿಡಿಯಿತು. ಕ್ಯಾಬಿನ್ ಹಾಗೇ ಬಿಟ್ಟು, ಹಿಂದಿನ ತೊಟ್ಟಿಯನ್ನು ಎಂಟು ಜನ ಹಿಡಿದು ಇಳಿಸಿದೆವು. ಹೊಸ ಗಾಡಿಯ ಮುಂಗಡಕ್ಕೆ ಬೇಕಾಗುವುದಕ್ಕಿಂತ ಕಡಿಮೆ ಹಣದಲ್ಲಿ ಕೆಲಸ ಮುಗಿಯಿತು. ಈಗ ಪ್ರತಿ ಸಲ ಗೊಬ್ಬರ, ತುತ್ತ ಹೇರಿ ಬಂದ ದಿನವೇ ಮಾವ ಗಾಡಿಯ ಅಡಿಗೆ ನೀರು ಬಿಟ್ಟು ತೊಳೆಯುತ್ತಾರೆ. ಯುಗಾದಿ ಕಳೆದ ವಾರ ಸುತ್ತಿಗೆ ಹಿಡಿದು ಚಾಸಿ ತಟ್ಟುತ್ತಾರೆ.

ತಾಯಂದಿರೇ, ಕೊನೆಯ ಮಾತು ನಿಮಗೆ. ಚೀಲ ಎಣಿಸುವವರು ಬಹಳ ಮನೆಗಳಲ್ಲಿ ನೀವೇ. ನಿಮ್ಮ ಗಾಡಿಗೆ ಎಷ್ಟು ಚೀಲ ಎಂಬ ಲೆಕ್ಕವನ್ನು ಆರ್.ಸಿ. ನೋಡಿ ಕೊಟ್ಟಿಗೆಯ ಗೋಡೆಯ ಮೇಲೆ ಬರೆಸಿ. ಅದರ ಮೇಲೆ ಒಂದು ಚೀಲ ಹೇರಿದರೂ ಬೇಡವೆನ್ನಿ. ಹೇರಿನ ಮೇಲೆ ಜನ ಹತ್ತಿದರೆ ಇಳಿಸಿ. ಮಾವನ ಕೊಟ್ಟಿಗೆಯ ಗೋಡೆಯ ಮೇಲೆ ಈಗ "20" ಎಂದು ಬರೆದಿದೆ. ಬರೆಸಿದವರು ಅತ್ತೆ. ಎರಡು ಬಾಡಿಗೆ ಹೆಚ್ಚಾದರೂ ಚಿಂತೆಯಿಲ್ಲ, ಎರಡು ಸಲ ಹೋಗಲಿ ಎನ್ನುತ್ತಾರೆ.

ಈ ಬೇಸಿಗೆಯಲ್ಲಿ ಒಮ್ಮೆ ನಿಮ್ಮ ಗಾಡಿಯ ಅಡಿಗೂ ಬಗ್ಗಿ ನೋಡಿ.