ತೂಕದ ಕೂಲಿ

ಬ್ಯಾಡಗಿಯ ಪೇಟೆಯಲ್ಲಿ ಒಣಮೆಣಸಿನಕಾಯಿಯ ರಾಶಿಯ ಬದಿಗೆ ಕುಳಿತು, ಘಾಟಿಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ತುಂಬು ಬಿಡಿಸುವ ಹೆಂಗಸರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರ ಕೂಲಿ ದಿನಕ್ಕಲ್ಲ, ತೂಕಕ್ಕೆ. ಕಾಯಿಯೋ ಹಗುರ, ಕಿಲೋ ತುಂಬುವುದು ನಿಧಾನ. ರಾಣೆಬೆನ್ನೂರಿನ ಬೀಜದ ಹೊಲಗಳಲ್ಲಿ ಹೂವಿಗೆ ಹೂ ಕೂಡಿಸುವ, ಹಾವೇರಿಯಲ್ಲಿ ಏಲಕ್ಕಿ ಮಾಲೆ ಪೋಣಿಸುವ ಕೈಗಳೂ ಇಂಥವೇ.

ಇವರಿಗೂ ಕನಿಷ್ಠ ವೇತನವುಂಟೇ? ತೂಕದ ಕೆಲಸಕ್ಕೆ ಬೇರೆ ದರ ಗೊತ್ತಾಗಿರದಿದ್ದರೆ, ಕಾಲಕ್ಕೆ ಗೊತ್ತಾದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಕೂಡದೆಂದು 1948ರ ಕಾಯಿದೆಯ 17ನೆಯ ಕಲಮು ವಿಧಿಸಿತ್ತು.

ಆ ಮೊತ್ತವೆಷ್ಟು ಎಂಬಲ್ಲಿಯೇ ಜಗಳ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೊಂದು ಅಳತೆ ಕೊಟ್ಟಿತು: ಕುಟುಂಬದ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು, ದೀಪ. ಮಕ್ಕಳ ಶಿಕ್ಷಣ, ಔಷಧ, ಮುಪ್ಪು, ಮದುವೆಗಳಿಗೂ ವೇತನದ ಶೇಕಡಾ 25 ಭಾಗವಿರಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಏಪ್ರಿಲಿನಲ್ಲಿ ಕರ್ನಾಟಕ ಸರ್ಕಾರ ಹೊಸ ದರಗಳ ಕರಡು ಪ್ರಕಟಿಸಿದಾಗ ಕಾರ್ಮಿಕ ಸಂಘಗಳು ಈ ಅಳತೆಯನ್ನೇ ಮುಂದಿಟ್ಟವು; ಉದ್ಯಮಿಗಳು ಹೊರಲಾರದ ಭಾರವೆಂದರು.

ಭಾರದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2024ರ ಮಾರ್ಚಿನಲ್ಲಿ ಬೆಲೆ ಕುಸಿದಾಗ ಇದೇ ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಗಿ ವಾಹನಗಳನ್ನು ಸುಟ್ಟಿತು. ಬೆಳೆದವನ ಸಂಕಟ ಹೀಗೆ ನಾಡಿಗೆ ಗೊತ್ತಾಯಿತು. ಆದರೆ ಬೆಲೆ ಏರಿದ ವರ್ಷ ತುಂಬು ಬಿಡಿಸುವವಳ ಕೂಲಿಯೂ ಏರಿತೇ ಎಂದು ಕೇಳಿದವರು ವಿರಳ.

ನನ್ನ ಬಿನ್ನಹ ಇಷ್ಟೇ. ಸಂಜೆ ತಕ್ಕಡಿಯ ಬಳಿ ಕಿಲೋಗಳನ್ನು ಬರೆದುಕೊಳ್ಳುವ ಪುಸ್ತಕದಲ್ಲಿ ಆಕೆ ಕುಳಿತ ಗಂಟೆಗಳನ್ನೂ ಬರೆಯಲಿ. ಅದಿಲ್ಲದೆ ಯಾವ ದರ ಏರಿದರೂ ಆಕೆಗೆ ಸಿಗಬೇಕಾದುದೆಷ್ಟೆಂದು ಯಾರೂ ಲೆಕ್ಕ ಹೇಳಲಾರರು.