ದಾರಿಗೂ ಒಂದು ಹಕ್ಕಿದೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಇರಲಿ.

ಪ್ರೀತಿಯ ಸಹೋದರರೇ, ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನಮಗೂ ನಂತರ ನಿಮಗೂ ಉಪದೇಶಿಸುತ್ತೇವೆ.

ಕಳೆದ ಮಳೆಗಾಲದ ಒಂದು ಬೆಳಗ್ಗೆ. ಮದ್ರಸ ಬಿಟ್ಟು ಶಾಲೆಗೆ ಹೊರಟಿದ್ದ ಮಗುವೊಂದರ ಕೊಡೆ ಗಾಳಿಗೆ ತಿರುಗಿತು. ಅದನ್ನು ಹಿಡಿಯಲು ಮಗು ರಸ್ತೆಯತ್ತ ಎರಡು ಹೆಜ್ಜೆ ಇಟ್ಟಿತು. ಬರುತ್ತಿದ್ದ ಪಿಕಪ್ ವಾಹನ ಬ್ರೇಕ್ ಒತ್ತಿದರೂ ಜಾರಿಕೊಂಡು ಬಂದು ಮಗುವಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ನಾವು ಅಲ್‌ಹಮ್ದುಲಿಲ್ಲಾಹ್ ಎಂದೆವು. ಚಾಲಕನಿಗೆ ಬೈದೆವು, ಮಗುವಿಗೂ ಬೈದೆವು, ಮನೆಗೆ ಹೋದೆವು. ಮರುದಿನ ಅದೇ ಜಾಗದಲ್ಲಿ ಅದೇ ವೇಗದಲ್ಲಿ ವಾಹನಗಳು ಓಡಿದವು. ಒಂದು ಅರ್ಜಿ ಬರೆಯಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಇಂದಿನ ಮಾತು ನಮ್ಮ ಆ ಮರೆವಿನ ಬಗ್ಗೆ.

ದಾರಿಯ ಬದಿಯಲ್ಲಿ ಕೂರುತ್ತಿದ್ದ ಸಹಾಬಿಗಳಿಗೆ ಪ್ರವಾದಿ(ಸ)ರು ದಾರಿಯ ಹಕ್ಕನ್ನು ಸಲ್ಲಿಸಲು ಆಜ್ಞಾಪಿಸಿದರು. ದೃಷ್ಟಿಯನ್ನು ತಗ್ಗಿಸುವುದು, ಸಲಾಮ್‌ಗೆ ಉತ್ತರಿಸುವುದು, ಒಳಿತನ್ನು ಹೇಳುವುದು, ಕೆಡುಕನ್ನು ತಡೆಯುವುದರ ಜೊತೆಗೆ ಯಾರಿಗೂ ತೊಂದರೆ ಕೊಡದಿರುವುದನ್ನೂ ಆ ಹಕ್ಕಿನಲ್ಲಿ ಎಣಿಸಿದರು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದೂ ಕಲಿಸಿದರು. ನಾವು ಈ ಹದೀಸನ್ನು ಮಕ್ಕಳಿಗೆ ಹೇಳಿಕೊಡುವಾಗ ಮುಳ್ಳು, ಕಲ್ಲು, ಬಾಳೆಹಣ್ಣಿನ ಸಿಪ್ಪೆಯ ಉದಾಹರಣೆ ಕೊಡುತ್ತೇವೆ. ಆದರೆ ಇಂದು ನಮ್ಮ ದಾರಿಯಲ್ಲಿರುವ ದೊಡ್ಡ ಮುಳ್ಳು ವೇಗ.

ನಮ್ಮ ಊರುಗಳನ್ನೇ ನೋಡಿ. ಮಾಣಿಯಿಂದ ಮೈಸೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಕಬಕ, ಪುತ್ತೂರು, ಕುಂಬ್ರ, ಕಾವು, ಜಾಲ್ಸೂರು, ಸುಳ್ಯ, ಅರಂತೋಡು, ಸಂಪಾಜೆಯ ನಡುವಿನಿಂದಲೇ ಹಾದುಹೋಗುತ್ತದೆ. ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆ ಆಲಂಕಾರು, ಕಡಬ, ಮರ್ದಾಳದ ಪೇಟೆಗಳನ್ನು ಸೀಳಿಕೊಂಡು ಹೋಗುತ್ತದೆ. ದೂರದೂರಿನಿಂದ ಬರುವ ಲಾರಿಗೂ ಯಾತ್ರಿಕರ ವಾಹನಕ್ಕೂ ಅದು ಹೆದ್ದಾರಿ. ನಮ್ಮ ಮಕ್ಕಳಿಗೆ ಅದು ಮದ್ರಸದಿಂದ ಮನೆಗೆ, ಮನೆಯಿಂದ ಶಾಲೆಗೆ ಹೋಗುವ ಓಣಿ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಚರಂಡಿ. ಮಳೆ ಬಂದರೆ ಚರಂಡಿಯ ನೀರೂ ರಸ್ತೆಗೇ ಬರುತ್ತದೆ. ಮಗು ಎಲ್ಲಿ ನಡೆಯಬೇಕು?

ಒಂದು ಲೆಕ್ಕ ಕೇಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮಗುವನ್ನು ಕಂಡು ಬ್ರೇಕಿಗೆ ಕಾಲು ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ, ನಿಲ್ಲುವುದು ಆಮೇಲೆ. 30ರ ವೇಗವಿದ್ದರೆ, ಒಣ ರಸ್ತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರದೊಳಗೆ ವಾಹನ ಪೂರ್ತಿ ನಿಂತಿರುತ್ತದೆ. ಆ ಒಂದು ಗೇಣಿನ ಅಂತರ ಇರುವುದು ಇಲ್ಲಿ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜೀವಗಳು ಹೋದವು. ಜನರೂ ವಾಹನಗಳೂ ಬೆರೆಯುವ ಕಡೆ ವೇಗ 30 ಮೀರಬಾರದೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಕರೆ ಕೊಟ್ಟಿದೆ.

ಅಜಲ್ ಬಂದರೆ ಯಾರು ತಡೆಯುತ್ತಾರೆ ಎಂದು ಕೆಲವರು ಕೇಳುತ್ತಾರೆ. ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ಒಂಟೆಯನ್ನು ಕಟ್ಟಿ ನಂತರ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ರ ಸಮುದಾಯ ನಾವು. ಇರಾಕ್‌ನ ದಾರಿಯಲ್ಲಿ ಒಂದು ಪ್ರಾಣಿ ಎಡವಿದರೂ ದಾರಿಯನ್ನು ಏಕೆ ಸಮಮಾಡಲಿಲ್ಲವೆಂದು ಅಲ್ಲಾಹನು ತನ್ನನ್ನು ಕೇಳಬಹುದೆಂದು ಖಲೀಫಾ ಉಮರ್(ರ) ಅಂಜುತ್ತಿದ್ದರೆಂಬುದು ಪ್ರಸಿದ್ಧ. ಎಡವುವ ಪ್ರಾಣಿಗೇ ಲೆಕ್ಕವಿದ್ದರೆ ಮಗುವಿಗೆ ಇಲ್ಲವೇ?

ಇದು ಬಡ ಊರುಗಳಿಂದ ಆಗದ ಕೆಲಸವೇನೂ ಅಲ್ಲ. ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ ಶಾಲೆಗಳ ಸುತ್ತಲಿನ ರಸ್ತೆಗಳನ್ನು ಒಂದೊಂದಾಗಿ ಅಧ್ಯಯನ ಮಾಡಿ, ಉಬ್ಬು, ಕಾಲುದಾರಿ, ದಾಟುವ ಪಟ್ಟೆ, ಫಲಕಗಳನ್ನು ಹಾಕಿದರು. ಮಕ್ಕಳಿಗೆ ಆಗುವ ಗಾಯಗಳು ಕಡಿಮೆಯಾದವು. 2019ರಲ್ಲಿ ಆ ಕೆಲಸಕ್ಕೆ ಅಂತಾರಾಷ್ಟ್ರೀಯ ಪ್ರಶಸ್ತಿಯೂ ಬಂತು.

ಹಾಗಾದರೆ ನಾವೇನು ಮಾಡಬೇಕು? ಮೊದಲು ನೋಡಿ ಬರೆದಿಡಬೇಕು. ಶಾಲೆಯ ಹತ್ತಿರ, ರಸ್ತೆಯಿಂದ ದೂರ ನಿಂತು, 50 ಮೀಟರ್ ಅಂತರದ ಎರಡು ಗುರುತುಗಳನ್ನು ಆರಿಸಿ. ಆ ದೂರವನ್ನು ವಾಹನ 6 ಸೆಕೆಂಡಿನಲ್ಲಿ ಕ್ರಮಿಸಿದರೆ ವೇಗ 30, 3 ಸೆಕೆಂಡಿನಲ್ಲಾದರೆ 60. ನಮ್ಮ ಯುವಕರು ಒಂದು ವಾರ ಬೆಳಗ್ಗೆ ಮತ್ತು ಸಂಜೆ ಅರ್ಧ ಗಂಟೆ ಕೊಟ್ಟರೆ ಸಾಕು. ಎಷ್ಟು ಮಕ್ಕಳು, ಯಾವ ಜಾಗದಲ್ಲಿ ದಾಟುತ್ತಾರೆಂಬುದನ್ನೂ ಎಣಿಸಲಿ. ದೂರುವ ಬಾಯಿಗಿಂತ ಬರೆದ ಲೆಕ್ಕಕ್ಕೆ ಕಚೇರಿಯಲ್ಲಿ ಹೆಚ್ಚು ಬೆಲೆ.

ನಂತರ ಅರ್ಜಿ. ಪುತ್ತೂರಿನಲ್ಲಿ ನಗರಸಭೆ, ಸುಳ್ಯ ಮತ್ತು ಕಡಬದಲ್ಲಿ ಪಟ್ಟಣ ಪಂಚಾಯತ್, ಹಳ್ಳಿಗಳಲ್ಲಿ ಗ್ರಾಮ ಪಂಚಾಯತ್. ಹೆದ್ದಾರಿಯಾದರೆ ಹೆದ್ದಾರಿ ಇಲಾಖೆ, ರಾಜ್ಯದ ರಸ್ತೆಯಾದರೆ ಲೋಕೋಪಯೋಗಿ ಇಲಾಖೆ. ಪ್ರತಿಯೊಂದರ ಪ್ರತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ. ವೇಗ ಮಿತಿಗೊಳಿಸಲು, ಫಲಕ ಹಾಕಲು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ. ತಜ್ಞರಿಂದ ಅಧ್ಯಯನ ಮಾಡಿಸಿ ಎಂದು ಕೇಳೋಣ. ನಾವೇ ರಾತ್ರೋರಾತ್ರಿ ಮಣ್ಣು ಸುರಿದು ಹಂಪ್ ಮಾಡುವುದು ಬೇಡ. ಬಣ್ಣವಿಲ್ಲದ ಹಂಪ್‌ಗೆ ಬೈಕ್ ಹಾರಿ ಬಿದ್ದವನೂ ಒಬ್ಬ ತಾಯಿಯ ಮಗ. ಈ ಅರ್ಜಿಯಲ್ಲಿ ನಮ್ಮ ಜಮಾಅತಿನ ಸಹಿ ಮಾತ್ರ ಇರಬಾರದು. ರಸ್ತೆಯಲ್ಲಿ ನಡೆಯುವ ಮಗುವಿಗೆ ಜಾತಿಯಿಲ್ಲ. ನೆರೆಯ ಹಿಂದೂ, ಕ್ರೈಸ್ತ ಪೋಷಕರ ಮನೆಗೂ ಹೋಗಿ, ಶಾಲೆಯ ಎಸ್‌ಡಿಎಂಸಿಯನ್ನೂ ಸೇರಿಸಿಕೊಂಡು ಒಟ್ಟಾಗಿ ಕೊಡೋಣ.

ಕೊನೆಗೆ ಒಂದು ಕಹಿ ಮಾತು. ಶಾಲೆಯ ಮುಂದೆ ವೇಗವಾಗಿ ಹೋಗುವವರೆಲ್ಲ ಹೊರಗಿನವರೇ? ತಡವಾಯಿತೆಂದು ಸ್ಕೂಟರಿನಲ್ಲಿ ಮೂರು ಮಕ್ಕಳನ್ನು ಕೂರಿಸಿಕೊಂಡು ಓಡುವವರು ನಾವೇ. ಜುಮಾದ ದಿನ ರಸ್ತೆಯ ಅಂಚಿನಲ್ಲೆಲ್ಲ ವಾಹನ ನಿಲ್ಲಿಸಿ ನಡೆಯುವವರನ್ನು ನಡುರಸ್ತೆಗೆ ತಳ್ಳುವವರೂ ನಾವೇ. ಗಲ್ಫಿನಿಂದ ಬಂದ ತಂದೆ ಪ್ರೀತಿಯಿಂದ ಹದಿನೈದರ ಮಗನಿಗೆ ಬೈಕಿನ ಕೀ ಕೊಡುತ್ತಾನೆ. 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ಪೋಷಕರಿಗೇ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡವಿದೆ. ಕಾನೂನಿಗಿಂತ ಮೊದಲು ಅಮಾನತಿನ ಪ್ರಶ್ನೆಯಿದೆ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತು, ದಾರಿಹೋಕರ ಜೀವವೂ ಅಮಾನತೇ.

ಇಂದು ನಮಾಝ್ ಮುಗಿಸಿ ಹೊರಡುವಾಗ ವಾಹನವನ್ನು ನಿಧಾನವಾಗಿ ಓಡಿಸೋಣ. ಈ ವಾರವೇ ಲೆಕ್ಕ ಶುರುವಾಗಲಿ, ಈ ತಿಂಗಳೊಳಗೆ ಅರ್ಜಿ ಹೋಗಲಿ. ಉತ್ತರ ಬಾರದಿದ್ದರೆ ಮತ್ತೆ ಹೋಗೋಣ.

ಅಲ್ಲಾಹನೇ, ನಮ್ಮ ಮಕ್ಕಳನ್ನೂ ನೆರೆಯವರ ಮಕ್ಕಳನ್ನೂ ಕಾಪಾಡು. ಅಪಘಾತದಲ್ಲಿ ಮಕ್ಕಳನ್ನು ಕಳಕೊಂಡ ಮನೆಗಳಿಗೆ ಸಹನೆ ಕೊಡು. ದಾರಿಯ ಹಕ್ಕನ್ನು ಸಲ್ಲಿಸುವವರಲ್ಲಿ ನಮ್ಮನ್ನು ಸೇರಿಸು. ಆಮೀನ್.