ಬಾಗಿಲು ತೆರೆಸಿದ ಪ್ರೇಕ್ಷಕರು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಯ ಹಿರಿಮೆಯನ್ನು ಹಾಡಬೇಕಾದ ವೇದಿಕೆಯಲ್ಲಿ ಸಿನಿಮಾದ ಮಾತೆತ್ತಿದೆವೆಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಕಾರಣ ಉಂಟು. ಕಳೆದ ವರ್ಷ ಈ ಪುಣೆಯ ಒಂದು ಚಿತ್ರಮಂದಿರಕ್ಕೆ ಕನ್ನಡ ಚಿತ್ರವೊಂದು ಬಂದಿತು. ದಿನಕ್ಕೆ ಒಂದೇ ಆಟ, ಅದೂ ಬೆಳಿಗ್ಗೆ ಒಂಬತ್ತಕ್ಕೆ. ಊರಿನಿಂದ ಬಂದಿದ್ದ ಅಜ್ಜಿಯರನ್ನೂ ಮಕ್ಕಳನ್ನೂ ಹೊರಡಿಸಿಕೊಂಡು ಭಾನುವಾರ ನಾವು ಹೋಗುವಷ್ಟರಲ್ಲಿ ಅದನ್ನು ಎತ್ತಿಯಾಗಿತ್ತು. ಟಿಕೇಟು ಕೊಡುವವನು "ಜನವೇ ಇಲ್ಲ" ಎಂದ. ಅವನೆದುರಿಗೆ ನಾವು ಹದಿನಾಲ್ಕು ಜನ ನಿಂತಿದ್ದೆವು.

ಆ ಹದಿನಾಲ್ಕು ಜನ ಲೆಕ್ಕಕ್ಕೆ ಬರುವ ಚಿತ್ರಮಂದಿರ ಎಲ್ಲಾದರೂ ಇದೆಯೆ? ಇದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿದೆ. ದೂರದ ಊರಾದರೂ ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಅಲ್ಲಿ 1929ರಲ್ಲಿ ಸಿನಿಮಾದ ಹುಚ್ಚು ಹಿಡಿದ ಕೆಲವರು ಕೂಡಿ ಫಿಲ್ಮ್ ಗಿಲ್ಡ್ ಎಂಬ ಸಂಘ ಕಟ್ಟಿದರು. 1947ರಲ್ಲಿ ಆ ಸಂಘದವರೇ ಒಂದು ಚಿತ್ರೋತ್ಸವ ಆರಂಭಿಸಿದರು. ಅದು ಇಂದು ಲೋಕಪ್ರಸಿದ್ಧ. ಲೋಥಿಯನ್ ರಸ್ತೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕಲ್ಲಿನ ಚರ್ಚೊಂದು ಇತ್ತು, ಸೇಂಟ್ ಥಾಮಸರ ಹೆಸರಿನದು. 1979ರಲ್ಲಿ ಅದರೊಳಗೆ 'ಫಿಲ್ಮ್‌ಹೌಸ್' ತೆರೆಯಿತು. ಪ್ರಾರ್ಥನೆಗೆ ಕಟ್ಟಿದ ಮನೆಯನ್ನು ಪರದೆಗೆ ಒಗ್ಗಿಸುವುದು ಸುಣ್ಣ ಬಳಿದಷ್ಟು ಸುಲಭವಲ್ಲ. ಕಿಟಕಿಯ ಬೆಳಕನ್ನು ತಡೆಯಬೇಕು, ಕಲ್ಲಿನ ಗೋಡೆ ಮಾತನ್ನು ಮಾರ್ದನಿಸದಂತೆ ನೋಡಿಕೊಳ್ಳಬೇಕು, ಹಿಂದೆ ಕೂತವನಿಗೆ ಮುಂದಿನವನ ತಲೆ ಅಡ್ಡ ಬಾರದಂತೆ ನೆಲವನ್ನು ಇಳಿಜಾರು ಮಾಡಬೇಕು. ಅವರು ಹಂತಹಂತವಾಗಿ ಬೆಳೆಸಿ ಮೂರು ಪರದೆ ಮಾಡಿಕೊಂಡರು. ಬೇರೆಡೆ ಸಿಕ್ಕದ ದೇಶವಿದೇಶದ ಚಿತ್ರಗಳು ನಾಲ್ಕು ದಶಕ ಅಲ್ಲಿ ಓಡಿದವು.

2022ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಕೋವಿಡ್ ಕಾಲದ ಬಳಿಕ ಪ್ರೇಕ್ಷಕರು ಮೊದಲಿನಂತೆ ಬರಲಿಲ್ಲ. ವಿದ್ಯುತ್ತಿನ ಖರ್ಚು ಏರಿತು. ನಡೆಸುತ್ತಿದ್ದ ಸಂಸ್ಥೆ ದಿವಾಳಿಯಾಗಿ ನೂರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಕಟ್ಟಡ ಮಾರಾಟಕ್ಕೆ ಬಂತು.

ಆಗ ಅಲ್ಲಿ ಹಿಂದೆ ದುಡಿದಿದ್ದ ಕೆಲವರು ಎದ್ದು ನಿಂತು ಚಂದಾ ಕೇಳಿದರು. ನೋಡುಗರು ಕೊಟ್ಟರು. 2023ರಲ್ಲಿ ಸರಕಾರದ ನಿಧಿಯಿಂದ ಹದಿನೈದು ಲಕ್ಷ ಪೌಂಡು ಮಂಜೂರಾಯಿತು. ಕಟ್ಟಡವನ್ನು ಕೊಂಡಿದ್ದ ಹೊಸ ಮಾಲೀಕರು ಇಪ್ಪತ್ತೈದು ವರ್ಷದ ಗುತ್ತಿಗೆಗೆ ಒಪ್ಪಿದರು. 2025ರ ಜೂನ್ 27ರಂದು ನಾಲ್ಕು ಪರದೆಗಳೊಂದಿಗೆ ಬಾಗಿಲು ಮತ್ತೆ ತೆರೆಯಿತು. ಕಟ್ಟಡ ಇಂದಿಗೂ ಅವರ ಸ್ವಂತದ್ದಲ್ಲ ಎಂಬುದನ್ನು ನಮ್ಮ ಖಜಾಂಚಿಗಳು ಗಮನಿಸಬೇಕು. "ಸ್ವಂತ ಜಾಗವಾದ ಮೇಲೆ ನೋಡೋಣ" ಎಂದು ಪ್ರತಿ ಸಭೆಯಲ್ಲೂ ಹೇಳುವವರು ಅವರೇ ಅಲ್ಲವೆ?

ಅಷ್ಟು ದೂರದ ನಿದರ್ಶನ ಬೇಡವೆನ್ನುವವರಿಗೆ ನಮ್ಮ ಹೆಗ್ಗೋಡು ಇದೆ. ಸಾಗರದ ಬಳಿಯ ಆ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರೂ ಸಂಗಡಿಗರೂ ನೀನಾಸಮ್ ಆಶ್ರಯದಲ್ಲಿ 1973ರಲ್ಲಿ ಚಿತ್ರಸಮಾಜ ಕಟ್ಟಿದರು. 1977ರಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳ ಉತ್ಸವ ನಡೆಸಿದರು. ಅಡಕೆ ತೋಟದವರು ಕುರೊಸಾವಾ ಅವರ 'ರಶೋಮನ್' ನೋಡಿದರು. ಆ ಸಾಹಸಕ್ಕೆ ನೆರವಾದವರು ಯಾವ ಊರಿನವರು ಬಲ್ಲಿರಾ? ಈ ಪುಣೆಯವರು! ಇಲ್ಲಿಯ ರಾಷ್ಟ್ರೀಯ ಚಲನಚಿತ್ರ ಭಂಡಾರದ ಪಿ. ಕೆ. ನಾಯರ್ ಅವರೂ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಅವರೂ. ಆ ಇನ್‌ಸ್ಟಿಟ್ಯೂಟು ಕೂಡ 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲೇ ಶುರುವಾಯಿತು. ಇಲ್ಲಿಂದ ಚಿತ್ರಗಳು ಮಲೆನಾಡಿನ ಮೂಲೆಗೆ ಹೋದವು; ಇಲ್ಲಿರುವ ನಾವು ಒಂದು ಕನ್ನಡ ಚಿತ್ರಕ್ಕಾಗಿ ಟಿಕೇಟಿನ ಕಿಂಡಿಯಲ್ಲಿ ಪೆಚ್ಚಾಗಿ ನಿಂತೆವು.

ಸಂಘದ ಸಭಾಂಗಣ ಹಳೆಯ ವಾಡೆಯ ಮೇಲಂತಸ್ತು. ಮರದ ತೊಲೆ, ಏಳು ಕಿಟಕಿ, ಎಂಬತ್ತು ಕುರ್ಚಿ. ತಿಂಗಳಿಗೊಂದು ಚಿತ್ರ ತೋರಿಸಲು ಇಷ್ಟು ಸಾಕು. ಚಿತ್ರದ ಹಕ್ಕುಳ್ಳವರಿಂದ ಲಿಖಿತ ಒಪ್ಪಿಗೆ ತರಬೇಕು. ಕದ್ದ ಪ್ರತಿ ನಮಗೆ ಬೇಡ. ಮರದ ಕಟ್ಟಡವಾದ್ದರಿಂದ ಬೆಂಕಿಯ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು, ಎರಡನೆಯ ಮೆಟ್ಟಿಲಿಗೆ ಅಡ್ಡವಾಗಿರುವ ಗಣೇಶೋತ್ಸವದ ಸಾಮಾನನ್ನು ತೆಗೆಸಬೇಕು. ಮಕ್ಕಳಿಗೆ ಕನ್ನಡ ಓದಲು ಬಾರದೆಂದು ಪ್ರತಿ ವರ್ಷ ಈ ವೇದಿಕೆಯಿಂದ ಮರುಗುತ್ತೇವೆ. ಎರಡು ಗಂಟೆ ಕತ್ತಲಲ್ಲಿ ಅಜ್ಜಿಯ ಪಕ್ಕ ಕೂತು ಅವರು ಕನ್ನಡ ಕೇಳಲಿ, ನಗಲಿ, ತಿಳಿಯದ್ದನ್ನು ಅಜ್ಜಿಯ ಕಿವಿಯಲ್ಲಿ ಕೇಳಲಿ.

ಕಿಟಕಿಗಳಿಗೆ ಕಪ್ಪು ಬಟ್ಟೆ ಬೇಕು. ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಳತೆ ತೆಗೆಯಲು ನಾವು ಏಣಿಯೊಂದಿಗೆ ಅಲ್ಲಿರುತ್ತೇವೆ. ಹೊಲಿಗೆ ಬಲ್ಲ ತಾಯಂದಿರು ಟೇಪು ತರಬೇಕಾಗಿ ವಿನಂತಿ.